ಡಿಜಿಟಲ್ ಛಾಯಾಚಿತ್ರ ಸಂಗ್ರಹದ ಸಂರಕ್ಷಣೆ

ಡಿಜಿಟಲ್ ಛಾಯಾಚಿತ್ರ ಸಂಗ್ರಹದ ಸಂರಕ್ಷಣೆ ಎಂದರೆ ಕ್ಯಾಮೆರಾ, ಮೊಬೈಲ್ ಅಥವಾ ಸ್ಕ್ಯಾನರಿನಿಂದ ದೊರೆತ ಚಿತ್ರಗಳನ್ನು ಒಂದೆಡೆ ಕೂಡಿಸಿ, ಬೇಕೆಂದಾಗ ಸಿಗುವಂತೆ ಅಣಿಗೊಳಿಸಿ, ಒಂದು ಪ್ರತಿ ನಾಶವಾದರೂ ಇನ್ನೊಂದು ಉಳಿಯುವಂತೆ ಬೇರೆ ಬೇರೆ ಸ್ಥಳಗಳಲ್ಲಿ ಕಾಪಾಡುವ ಕಾರ್ಯ. ಗ್ರಂಥಾಲಯಗಳು, ಪತ್ರಾಗಾರಗಳು ಮತ್ತು ವಸ್ತುಸಂಗ್ರಹಾಲಯಗಳು ಇದನ್ನು ವೃತ್ತಿಯಾಗಿ ಮಾಡುತ್ತವೆ. ಕುಟುಂಬಗಳು ಹಾಗೂ ಊರಿನ ಫೋಟೋ ಸ್ಟುಡಿಯೋಗಳು ಇದನ್ನು ಸಾಮಾನ್ಯವಾಗಿ ಯಾವುದೇ ಕ್ರಮವಿಲ್ಲದೆ ಮಾಡುತ್ತವೆ, ಇಲ್ಲವೇ ಮಾಡುವುದೇ ಇಲ್ಲ. ಪ್ರಸ್ತುತ ಲೇಖನವು ಮುಖ್ಯವಾಗಿ ಈ ಎರಡನೆಯ ಬಗೆಯ ಸಂಗ್ರಹಗಳಿಗೆ ಸಂಬಂಧಿಸಿದ್ದು, ಉದಾಹರಣೆಗಳನ್ನು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿ ಮತ್ತು ಅದರ ಸುತ್ತಲಿನ ಕೃಷ್ಣಾ ತೀರದ ಪ್ರದೇಶದಿಂದ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಪ್ರತಿಯೊಂದು ಚಿತ್ರಕ್ಕೂ ತಾನಾಗಿಯೇ ಎರಡು ಪ್ರತಿಗಳು ಇರುತ್ತಿದ್ದವು. ಅಚ್ಚಾದ ಚಿತ್ರ ಮನೆಯ ಟ್ರಂಕಿನಲ್ಲಿ ಅಥವಾ ಗೋಡೆಯ ಚೌಕಟ್ಟಿನಲ್ಲಿ ಉಳಿಯುತ್ತಿತ್ತು. ನೆಗೆಟಿವ್ ಅನೇಕ ವೇಳೆ ಸ್ಟುಡಿಯೋದ ಕಪಾಟಿನಲ್ಲಿ ಕಾಗದದ ಲಕೋಟೆಯೊಳಗೆ ಇರುತ್ತಿತ್ತು. ಯಾರೂ ಯೋಜಿಸದಿದ್ದರೂ ಎರಡು ಪ್ರತಿ, ಎರಡು ಕಟ್ಟಡ ಎಂಬ ವ್ಯವಸ್ಥೆ ರೂಢಿಯಲ್ಲಿತ್ತು. ಜೇಪೆಗ್ ಮಾನಕವು 1992ರಲ್ಲಿ ರೂಪುಗೊಂಡು, ಮುಂದಿನ ದಶಕದಲ್ಲಿ ಡಿಜಿಟಲ್ ಕ್ಯಾಮೆರಾಗಳು ಅಗ್ಗವಾದ ಮೇಲೆ ಈ ವ್ಯವಸ್ಥೆ ಮುರಿಯಿತು. ಮದುವೆಯ ಚಿತ್ರಗಳನ್ನು ಸ್ಟುಡಿಯೋಗಳು ಮೊದಲು ಸಿಡಿಯಲ್ಲಿ, ಆಮೇಲೆ ಡಿವಿಡಿಯಲ್ಲಿ, ಈಗ ಪೆನ್ ಡ್ರೈವಿನಲ್ಲಿ ಕೊಡುತ್ತವೆ. ಮೆಮೊರಿ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಬಳಸಲಾಗುತ್ತದೆ. ಹೀಗೆ ಸಾವಿರಾರು ಚಿತ್ರಗಳಿಗೆ ಆಧಾರವಾಗಿ ಹೆಬ್ಬೆರಳಿನಷ್ಟು ದೊಡ್ಡದಾದ ಒಂದೇ ಸಾಧನ ಉಳಿಯುತ್ತದೆ.

ಚಿಂಚಲಿಯು ಮಾಯಕ್ಕ ದೇವಿಯ ಕ್ಷೇತ್ರ. ಭಾರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುವ ಜಾತ್ರೆಗೆ ಉತ್ತರ ಕರ್ನಾಟಕದಿಂದಲೂ ನೆರೆಯ ಮಹಾರಾಷ್ಟ್ರದಿಂದಲೂ ಅಪಾರ ಸಂಖ್ಯೆಯ ಭಕ್ತರು ಬರುತ್ತಾರೆ. ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುವ ಪದ್ಧತಿ ಇಂದಿಗೂ ಇದೆ. ಒಂದು ಕಾಲಕ್ಕೆ ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಒಂದು ಚಿತ್ರವೇ ವರ್ಷದ ದಾಖಲೆಯಾಗಿತ್ತು. ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವುದರಿಂದ ಒಂದು ಕುಟುಂಬವೇ ಒಂದು ದಿನದಲ್ಲಿ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಚಿತ್ರಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ಆಯುಷ್ಯ ಹೆಚ್ಚಿದೆ ಎಂದು ಹೇಳಲಾಗದು.

ನಾಶದ ಕಾರಣಗಳು

ಡಿಜಿಟಲ್ ಚಿತ್ರ ಮಾಸುವುದಿಲ್ಲ, ಹಳದಿಗಟ್ಟುವುದಿಲ್ಲ. ಅದು ಇದ್ದರೆ ಪೂರ್ತಿ ಇರುತ್ತದೆ, ಹೋದರೆ ಹೆಚ್ಚಾಗಿ ಪೂರ್ತಿ ಹೋಗುತ್ತದೆ. ಮೊಬೈಲ್ ಕಳೆದುಹೋಗುವುದು ಅಥವಾ ನೀರಿಗೆ ಬೀಳುವುದು, ಮಕ್ಕಳ ಕೈಯಲ್ಲಿ ಚಿತ್ರಗಳು ಅಳಿಸಿಹೋಗುವುದು, ಹಾರ್ಡ್ ಡಿಸ್ಕಿನ ಯಂತ್ರಭಾಗ ಕೆಡುವುದು, ಪ್ರತಿ ಮಾಡುತ್ತಿರುವಾಗಲೇ ವಿದ್ಯುತ್ ಕಡಿತಗೊಳ್ಳುವುದು ಸಾಮಾನ್ಯ ಕಾರಣಗಳು. ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡುಗಳು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತವೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ಆ ಆವೇಶ ಸೋರುತ್ತ ಹೋಗುತ್ತದೆ. ಆದುದರಿಂದ ಮದುವೆಯ ಪೆನ್ ಡ್ರೈವನ್ನು ಒಡವೆಯೊಂದಿಗೆ ತಿಜೋರಿಯಲ್ಲಿಟ್ಟು ಮರೆತುಬಿಡುವುದು ಸುರಕ್ಷಿತ ಕ್ರಮವಲ್ಲ. ಮನೆಯಲ್ಲಿ ಸುಟ್ಟ ಸಿಡಿಗಳ ಬಣ್ಣದ ಪದರ ಬೆಳಕು ಮತ್ತು ಉಷ್ಣಕ್ಕೆ ಕೆಡುತ್ತದೆ. ಅದಕ್ಕಿಂತ ಮುಂಚಿತವಾಗಿ ಸಿಡಿ ಓದುವ ಯಂತ್ರವೇ ಮನೆಯಿಂದ ಮಾಯವಾಗಿರುತ್ತದೆ.

ಅಂತರ್ಜಾಲ ಸೇವೆಗಳೂ ಶಾಶ್ವತವಲ್ಲ. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಚಿತ್ರಗಳನ್ನು ಇಳಿಸಿಕೊಳ್ಳಲು ಗೂಗಲ್ 2016ರವರೆಗೆ ಅವಕಾಶ ನೀಡಿತ್ತು; ಆ ಸುದ್ದಿ ತಿಳಿಯದವರ ಕಾಲೇಜು ದಿನಗಳ ಆಲ್ಬಮ್‌ಗಳು ಮತ್ತೆ ಸಿಗಲಿಲ್ಲ. ಫ್ಲಿಕರ್ ತನ್ನ ಉಚಿತ ಖಾತೆಗಳಿಗೆ 1000 ಚಿತ್ರಗಳ ಮಿತಿಯನ್ನು 2018ರಲ್ಲಿ ಘೋಷಿಸಿತು. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ ಉತ್ತಮ ಗುಣಮಟ್ಟದ ಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಸ್ಥಳ ಕೊಟ್ಟಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳು 15 ಗಿಗಾಬೈಟ್‌ಗಳ ಉಚಿತ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತಿವೆ. ಇಮೇಲ್ ಕೂಡ ಅದೇ ಮಿತಿಯನ್ನು ಹಂಚಿಕೊಳ್ಳುತ್ತದೆ. ಒಂದು ಚಿತ್ರಕ್ಕೆ ಸರಾಸರಿ 4 ಮೆಗಾಬೈಟ್ ಎಂದು ಹಿಡಿದರೆ ಈ ಸ್ಥಳ 3750ರಷ್ಟು ಚಿತ್ರಗಳಿಗೆ ಮುಗಿಯುತ್ತದೆ.

ಕೃಷ್ಣಾ ನೆರೆ ಮತ್ತು ಸಂಗ್ರಹಗಳು

ಈ ಭಾಗದ ಸಂಗ್ರಹಗಳಿಗೆ ಮೇಲಿನ ಎಲ್ಲವುಗಳಿಗಿಂತ ದೊಡ್ಡ ಅಪಾಯ ನೀರು. ಕೃಷ್ಣಾ ನದಿಯು ಚಿಂಚಲಿಯ ಉತ್ತರಕ್ಕೆ ಕುಡಚಿಯ ಬಳಿ ಹರಿಯುತ್ತದೆ. ದೂಧಗಂಗಾ ಮತ್ತು ವೇದಗಂಗಾ ನದಿಗಳು ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ಮೂಲಕ ಬಂದು ಕೃಷ್ಣೆಯ ಜಲರಾಶಿಗೆ ಸೇರುತ್ತವೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಭಾರೀ ಮಳೆಯಾಗಿ ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟಾಗ, ಇಲ್ಲಿ ಮಳೆ ಇಲ್ಲದಿದ್ದರೂ ನೆರೆ ಬರುತ್ತದೆ. 2005, 2019 ಮತ್ತು 2021ರ ನೆರೆಗಳು ಇತ್ತೀಚಿನ ದೊಡ್ಡವು. ಕುಡಚಿ-ಉಗಾರ ನಡುವಿನ ಸೇತುವೆ ಇಂಥ ಸಮಯದಲ್ಲಿ ಮುಳುಗಿ ಸಂಚಾರ ನಿಲ್ಲುತ್ತದೆ. ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳ ಜನ ದನಕರುಗಳೊಂದಿಗೆ ಎತ್ತರದ ಸ್ಥಳಗಳಿಗೆ, ಕಾಳಜಿ ಕೇಂದ್ರಗಳಿಗೆ ಹೋಗಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಹೊರಡುವವರು ಕಾಗದಪತ್ರ, ಬಂಗಾರ, ಒಂದಷ್ಟು ಕಾಳು ತೆಗೆದುಕೊಳ್ಳುತ್ತಾರೆ. ಫೋಟೋ ಇರುವ ಟ್ರಂಕು, ಹಳೆಯ ಗಣಕಯಂತ್ರ ಅಲ್ಲಿಯೇ ಉಳಿಯುತ್ತವೆ.

ನೆನೆದ ಕಾಗದದ ಚಿತ್ರಕ್ಕೂ ಮುಳುಗಿದ ಹಾರ್ಡ್ ಡಿಸ್ಕಿಗೂ ಒಂದು ವ್ಯತ್ಯಾಸವಿದೆ. ಅಂಟಿಕೊಂಡ ಅಚ್ಚುಚಿತ್ರಗಳನ್ನು ಎಳೆದು ಬಿಡಿಸದೆ, ಶುದ್ಧವಾದ ತಣ್ಣೀರಿನಲ್ಲಿ ನೆನೆಸಿ ತಾವಾಗಿ ಬಿಡುವಂತೆ ಮಾಡಿ, ಕೆಸರು ತೊಳೆದು, ಚಿತ್ರದ ಮುಖ ಮೇಲಾಗಿ ನೆರಳಿನಲ್ಲಿ ಒಣಗಿಸಿದರೆ ಅನೇಕ ಚಿತ್ರಗಳನ್ನು ಉಳಿಸಿಕೊಳ್ಳಬಹುದು. ಇದನ್ನು ಬೂಸು ಹಿಡಿಯುವ ಮೊದಲು, ಅಂದರೆ ಎರಡು ದಿನಗಳ ಒಳಗೆ ಮಾಡುವುದು ಒಳ್ಳೆಯದು. ನೆಗೆಟಿವ್‌ಗಳಿಗೂ ಈ ಕ್ರಮವೇ ಅನ್ವಯಿಸುತ್ತದೆ. ಒಮ್ಮೆಲೇ ಎಲ್ಲವನ್ನೂ ಮಾಡಲಾಗದಿದ್ದರೆ ಉಳಿದ ಚಿತ್ರಗಳನ್ನು ಶುದ್ಧ ನೀರಿನಲ್ಲಿಯೇ ಇಡಬೇಕೇ ಹೊರತು ಅರ್ಧ ಒಣಗಲು ಬಿಡಬಾರದು. ಒಣಗುವಾಗ ಒಂದಕ್ಕೊಂದು ಅಂಟಿದ ಚಿತ್ರಗಳು ಮತ್ತೆ ಬಿಡಿಸಿಕೊಳ್ಳುವುದು ಕಷ್ಟ. ಮುಳುಗಿದ ಹಾರ್ಡ್ ಡಿಸ್ಕಿಗೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಇಲ್ಲ. ಒಣಗಿದಂತೆ ಕಂಡರೂ ಅದಕ್ಕೆ ವಿದ್ಯುತ್ ಕೊಡಬಾರದು. ಒಳಗಿನ ತಟ್ಟೆ ತಿರುಗಿದಾಗ ಕೆಸರಿನ ಒಂದು ಕಣವೇ ಅದರ ಮೇಲ್ಮೈಯನ್ನು ಗೀರಿಹಾಕಬಲ್ಲದು. ಮಾಹಿತಿ ಮರುಪಡೆಯುವ ಪ್ರಯೋಗಾಲಯಗಳು ದೊಡ್ಡ ನಗರಗಳಲ್ಲಿವೆ, ವೆಚ್ಚ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು, ಯಶಸ್ಸಿನ ಭರವಸೆ ಇಲ್ಲ.

ನೆರೆಯ ನಂತರ ಛಾಯಾಚಿತ್ರಕ್ಕೆ ನೆನಪಿನ ಬೆಲೆಯ ಜೊತೆಗೆ ಸಾಕ್ಷ್ಯದ ಬೆಲೆಯೂ ಬರುತ್ತದೆ. ಮನೆ ಮೊದಲು ಹೇಗಿತ್ತು, ಗೋಡೆ ಎಲ್ಲಿಯವರೆಗೆ ನೆನೆಯಿತು, ಬೆಳೆ ಯಾವ ಹಂತದಲ್ಲಿತ್ತು ಎಂಬುದನ್ನು ಪರಿಹಾರದ ಅರ್ಜಿಯ ಹೊತ್ತಿಗೆ ತೋರಿಸಲು ದಿನಾಂಕವಿರುವ ಚಿತ್ರ ನೆರವಾಗುತ್ತದೆ. ಮುಳುಗಡೆಯಾದ ಮನೆಯ ಹಳೆಯ ಚಿತ್ರ ಅದೇ ಮನೆಯ ಗಣಕಯಂತ್ರದಲ್ಲಿ ಮಾತ್ರ ಇದ್ದರೆ ಅದು ಬೇಕಾದ ಹೊತ್ತಿಗೆ ದೊರೆಯುವುದಿಲ್ಲ.

ಪ್ರತಿಗಳನ್ನು ಇಡುವ ಕ್ರಮ

ಪ್ರಚಲಿತವಾಗಿರುವ ಸೂತ್ರವನ್ನು 3-2-1 ಎಂದು ಕರೆಯುತ್ತಾರೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಇದನ್ನು ಜನಪ್ರಿಯಗೊಳಿಸಿದರು. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿ ಇರಬೇಕು, ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿರಬೇಕು. ಮೊದಲ ಎರಡು ಅಂಕಿಗಳನ್ನು ಪಾಲಿಸುವುದು ಹಣದ ಪ್ರಶ್ನೆ ಮಾತ್ರ. ಮೂರನೆಯದು ಭೂಗೋಳದ ಪ್ರಶ್ನೆ. ಬೆಂಕಿ ಅಥವಾ ಕಳವಿನ ದೃಷ್ಟಿಯಿಂದ ಪಕ್ಕದ ಓಣಿಯ ಮನೆಯೂ ಬೇರೆ ಸ್ಥಳವೇ. ನೆರೆಯ ದೃಷ್ಟಿಯಿಂದ ಅಲ್ಲ. ಕುಡಚಿಯಲ್ಲಿರುವ ಸಂಗ್ರಹದ ಇನ್ನೊಂದು ಪ್ರತಿ ಉಗಾರದಲ್ಲಿದ್ದರೆ ಎರಡೂ ಒಂದೇ ಹೊಳೆಯ ದಂಡೆಯ ಮೇಲಿವೆ. ಪ್ರತಿಯು ಬೆಳಗಾವಿ, ಧಾರವಾಡ ಅಥವಾ ಪುಣೆಯಂಥ ಊರಿನಲ್ಲಿದ್ದರೆ ಸೂತ್ರದ ಉದ್ದೇಶ ಈಡೇರುತ್ತದೆ.

ಇದಕ್ಕೆ ಅಂತರ್ಜಾಲವೇ ಬೇಕೆಂದಿಲ್ಲ. ಹತ್ತು ಸಾವಿರ ಚಿತ್ರಗಳ ಸಂಗ್ರಹ ಸುಮಾರು 40 ಗಿಗಾಬೈಟ್ ಆಗುತ್ತದೆ. ಅದನ್ನು ಹಳ್ಳಿಯ ಮೊಬೈಲ್ ಸಂಪರ್ಕದ ಮೂಲಕ ಮೇಲೇರಿಸಲು ಹಲವು ದಿನಗಳೇ ಬೇಕಾಗಬಹುದು. ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಲು ಒಂದು ಗಂಟೆಯೂ ಬೇಡ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಇದೇ ಲೆಕ್ಕದಲ್ಲಿ ಎರಡೂವರೆ ಲಕ್ಷದಷ್ಟು ಚಿತ್ರಗಳು ಹಿಡಿಯುತ್ತವೆ. ಎರಡು ಡಿಸ್ಕುಗಳನ್ನು ಕೊಂಡು, ಒಂದನ್ನು ಪರವೂರಿನ ಬಂಧುಗಳ ಮನೆಯಲ್ಲಿರಿಸಿ, ಅವರು ಜಾತ್ರೆಗೋ ದೀಪಾವಳಿಗೋ ಬಂದಾಗ ಅದಲುಬದಲು ಮಾಡಿಕೊಳ್ಳುವ ಪದ್ಧತಿ ಸರಳವಾದುದು. ವರ್ಷಕ್ಕೊಮ್ಮೆ ತಪ್ಪದೆ ಬರುವ ಜಾತ್ರೆ ಇಂಥ ಕೆಲಸಕ್ಕೆ ಯಾವ ಗಣಕಯಂತ್ರದ ಜ್ಞಾಪನೆಗಿಂತಲೂ ನಂಬಿಕಸ್ಥ. ನಡುವಿನ ತಿಂಗಳುಗಳ ಮುಖ್ಯ ಚಿತ್ರಗಳನ್ನಷ್ಟೇ ಅಂತರ್ಜಾಲಕ್ಕೆ ಏರಿಸಿದರೆ ಸಾಕು.

ಪ್ರತಿ ಇಡುವುದು ಬೇರೆ, ಸಮಕಾಲೀಕರಣ ಬೇರೆ. ಮೊಬೈಲಿನೊಡನೆ ಸಮಕಾಲೀಕರಣಗೊಂಡ ಅಂತರ್ಜಾಲ ಖಾತೆಯಲ್ಲಿ ಒಂದೆಡೆ ಅಳಿಸಿದ ಚಿತ್ರ ಇನ್ನೊಂದೆಡೆಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ವಾರ ಮಾತ್ರ ಉಳಿದಿರುತ್ತದೆ. ಮೊಬೈಲಿನಲ್ಲಿ ಜಾಗ ಸಾಲದೆಂದು ಗೂಗಲ್ ಫೋಟೋಸ್ ಒಳಗಿಂದಲೇ ಚಿತ್ರಗಳನ್ನು ಅಳಿಸಿ ಎರಡೂ ಕಡೆ ಕಳೆದುಕೊಳ್ಳುವುದು ಬಹಳ ಸಾಮಾನ್ಯ. ಆ ಉದ್ದೇಶಕ್ಕೆ ಅಲ್ಲಿಯೇ ಇರುವ, ಸಾಧನದಲ್ಲಿ ಜಾಗ ಖಾಲಿ ಮಾಡುವ ಆಯ್ಕೆಯನ್ನೇ ಬಳಸಬೇಕು. ಅದು ಈಗಾಗಲೇ ಮೇಲೇರಿರುವ ಚಿತ್ರಗಳನ್ನು ಮೊಬೈಲಿನಿಂದ ಮಾತ್ರ ತೆಗೆಯುತ್ತದೆ. ಹಾಗೆಯೇ ಪ್ರತಿ ಇರುವ ಹಾರ್ಡ್ ಡಿಸ್ಕನ್ನು ಗಣಕಯಂತ್ರಕ್ಕೆ ಸದಾ ಜೋಡಿಸಿಡಬಾರದು. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಬಂದರೆ ಜೋಡಿಸಿರುವ ಡಿಸ್ಕುಗಳೂ ಅದಕ್ಕೆ ಬಲಿಯಾಗುತ್ತವೆ.

ಪ್ರತಿ ಇದೆ ಎಂಬುದನ್ನು ತೆರೆದು ನೋಡಿದ ಮೇಲೆಯೇ ನಂಬಬೇಕು. ವೃತ್ತಿಪರ ಪತ್ರಾಗಾರಗಳು ಪ್ರತಿ ಕಡತಕ್ಕೂ ಎಸ್‌ಎಚ್‌ಎ-256ರಂಥ ಗಣಿತ ಕ್ರಮದಿಂದ ಒಂದು ಪರಿಶೀಲನಾ ಸಂಖ್ಯೆಯನ್ನು ಕಟ್ಟಿ, ಕಾಲಕಾಲಕ್ಕೆ ಅದನ್ನು ಮತ್ತೆ ಲೆಕ್ಕ ಹಾಕಿ ಹೋಲಿಸುತ್ತವೆ. ಕಡತದಲ್ಲಿ ಒಂದು ಬಿಟ್ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಮನೆಯ ಮಟ್ಟಿಗೆ ವರ್ಷಕ್ಕೊಮ್ಮೆ ಡಿಸ್ಕನ್ನು ಜೋಡಿಸಿ, ಪ್ರತಿ ವರ್ಷದ ಫೋಲ್ಡರಿನಿಂದ ಕೆಲವು ಚಿತ್ರಗಳನ್ನು ತೆರೆದು ನೋಡುವುದು, ಕಡತಗಳ ಒಟ್ಟು ಸಂಖ್ಯೆಯನ್ನು ಹೋಲಿಸುವುದು ಸಾಧ್ಯವಾದ ಕ್ರಮ. ಐದಾರು ವರ್ಷಗಳಿಗೊಮ್ಮೆ, ಕೆಡುವವರೆಗೆ ಕಾಯದೆ, ಹೊಸ ಡಿಸ್ಕಿಗೆ ವರ್ಗಾಯಿಸುವುದು ಲೇಸು.

ಹೆಸರು ಮತ್ತು ವಿಂಗಡಣೆ

ಕ್ಯಾಮೆರಾಗಳು ಕಡತಗಳಿಗೆ ನಾಲ್ಕು ಅಂಕಿಯ ಸರಣಿ ಸಂಖ್ಯೆಯುಳ್ಳ ಹೆಸರನ್ನು ಕೊಡುತ್ತವೆ. ಎಣಿಕೆ 9999 ತಲುಪಿದ ನಂತರ ಮತ್ತೆ 0001ರಿಂದ ಆರಂಭವಾಗುತ್ತದೆ. ಆದ್ದರಿಂದ ಎರಡು ಬೇರೆ ಚಿತ್ರಗಳಿಗೆ ಒಂದೇ ಹೆಸರು ಬಂದು, ಒಂದೇ ಫೋಲ್ಡರಿಗೆ ಹಾಕುವಾಗ ಒಂದರ ಮೇಲೆ ಇನ್ನೊಂದು ಕೂತು ಹಳೆಯದು ಅಳಿಯುವ ಸಂಭವವಿದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕವನ್ನು ಮೊದಲಿಟ್ಟು ಸ್ಥಳ ಅಥವಾ ಸಂದರ್ಭವನ್ನು ಸೇರಿಸಿದರೆ (2024-02-24-ಚಿಂಚಲಿ-ಜಾತ್ರೆ ಎಂಬಂತೆ) ಈ ತೊಡಕು ತಪ್ಪುತ್ತದೆ, ಕಡತಗಳೂ ತಾವಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತವೆ. ಹಬ್ಬದ ಹೆಸರೊಂದೇ ಸಾಲದು. ಭಾರತ ಹುಣ್ಣಿಮೆ 2023ರಲ್ಲಿ ಫೆಬ್ರುವರಿ 5ಕ್ಕೆ ಬಂದರೆ 2024ರಲ್ಲಿ ಫೆಬ್ರುವರಿ 24ಕ್ಕೆ ಬಂದಿತು; ವರ್ಷ ಬರೆಯದಿದ್ದರೆ ಹತ್ತು ವರ್ಷಗಳ ಜಾತ್ರೆಯ ಚಿತ್ರಗಳು ಒಂದರೊಳಗೊಂದು ಕಲೆತುಹೋಗುತ್ತವೆ.

ಸ್ಥಳನಾಮಗಳ ವಿಷಯದಲ್ಲಿ ಈ ಭಾಗಕ್ಕೆ ವಿಶೇಷವಾದ ತೊಡಕುಗಳಿವೆ. ಚಿಂಚಲಿಯನ್ನು ಚಿಂಚಳಿ ಎಂದೂ, ದೇವಿಯನ್ನು ಮಾಯಕ್ಕ, ಮಾಯವ್ವ ಎಂದೂ ಬರೆಯುವುದುಂಟು. ಮರಾಠಿಯಲ್ಲಿ ಬರೆಹದ ರೂಪವೇ ಬೇರೆ. ಗಣಕಯಂತ್ರವು ಅಕ್ಷರವನ್ನು ಮಾತ್ರ ಹುಡುಕುತ್ತದೆ, ಅರ್ಥವನ್ನಲ್ಲ. ಬೆಳಗಾಂ 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾಯಿತು. ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲ್ಲೂಕುಗಳಾದುದರಿಂದ ಹಳೆಯ ಚಿತ್ರಗಳ ಮೇಲಿನ ಚಿಕ್ಕೋಡಿ ತಾಲ್ಲೂಕು, ಅಥಣಿ ತಾಲ್ಲೂಕು ಎಂಬ ಬರೆಹ ಇಂದಿನ ಆಡಳಿತಕ್ಕೆ ಹೊಂದುವುದಿಲ್ಲ. ಸಂಗ್ರಹದಾದ್ಯಂತ ಒಂದೇ ರೂಪವನ್ನು ಬಳಸಿ, ಉಳಿದ ರೂಪಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು ಗ್ರಂಥಾಲಯಗಳ ಹಳೆಯ ಪದ್ಧತಿ. ಮನೆಗೂ ಅದು ಒಗ್ಗುತ್ತದೆ.

ಕನ್ನಡದಲ್ಲಿ ಬರೆದ ಶೀರ್ಷಿಕೆಗಳಿಗೆ ಇನ್ನೊಂದು ಅಪಾಯವಿದೆ. ಹಿಂದಿನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಯುನಿಕೋಡ್ ಅಲ್ಲದ ಫಾಂಟುಗಳಿಂದ ಬೆರಳಚ್ಚು ಮಾಡಿದ ವಿವರಣೆಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಇವುಗಳನ್ನು ಪರಿವರ್ತಕಗಳ ಮೂಲಕ ಯುನಿಕೋಡಿಗೆ ತಂದಿಡಬೇಕು. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿನಿಂದ ನೋಡಿ ತಿದ್ದುವುದು ಅಗತ್ಯ. ಯುನಿಕೋಡಿನಲ್ಲಿಯೂ ಕಡತದ ಹೆಸರು ತೀರ ಉದ್ದವಿರಬಾರದು. ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕು. ಲಿನಕ್ಸ್ ಯಂತ್ರಗಳಲ್ಲಿ ಹೆಸರಿನ ಮಿತಿ 255 ಬೈಟ್ ಆದುದರಿಂದ 85 ಸಂಕೇತಗಳಿಗೆ ಅದು ಮುಗಿಯುತ್ತದೆ, 'ಕ್ಷ' ಒಂದೇ ಮೂರು ಸಂಕೇತಗಳನ್ನು ತಿನ್ನುತ್ತದೆ. ಉದ್ದವಾದ ವಿವರಣೆಯನ್ನು ಹೆಸರಿನಲ್ಲಿ ಬರೆಯುವ ಬದಲು ಚಿತ್ರದ ಒಳಗೆ ಬರೆಯುವುದು ಮೇಲು. ಡಿಜಿಕ್ಯಾಮ್‌ನಂಥ ಉಚಿತ ಮುಕ್ತ ತಂತ್ರಾಂಶದಲ್ಲಿ ವ್ಯಕ್ತಿಗಳ ಹೆಸರು, ಸ್ಥಳ, ಸಂದರ್ಭಗಳನ್ನು ಕನ್ನಡದಲ್ಲಿಯೇ ಸೇರಿಸಬಹುದು. ಸೂಕ್ತ ಆಯ್ಕೆ ಮಾಡಿಕೊಂಡರೆ ಆ ಮಾಹಿತಿ ಕಡತದೊಳಗೇ ಸೇರಿ ಚಿತ್ರದೊಂದಿಗೆ ಸಾಗುತ್ತದೆ.

ಕ್ಯಾಮೆರಾ ತಾನಾಗಿ ಬರೆಯುವ ದಿನಾಂಕ, ಸಮಯ, ಕೆಲವೊಮ್ಮೆ ಸ್ಥಳದ ಅಕ್ಷಾಂಶ-ರೇಖಾಂಶಗಳನ್ನು ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ವಾಟ್ಸ್ಆ್ಯಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರದಲ್ಲಿ ಈ ಮಾಹಿತಿ ಅಳಿದುಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಉದ್ದದ ಬದಿ 1600 ಬಿಂದುಗಳಿಗೆ ಇಳಿದ ಚಿತ್ರವನ್ನು ಇಂಚಿಗೆ 300 ಬಿಂದುಗಳಂತೆ ಅಚ್ಚು ಹಾಕಿದರೆ ಐದು ಇಂಚಿಗಿಂತ ಸ್ವಲ್ಪವೇ ಹೆಚ್ಚು ಅಗಲ ಬರುತ್ತದೆ, ಗೋಡೆಗೆ ಹಾಕುವ ದೊಡ್ಡ ಚಿತ್ರಕ್ಕೆ ಅದು ಸಾಲದು. ಮೂಲವನ್ನು ಪಡೆಯಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವಂತೆ ಕೇಳಬೇಕು. ಕುಟುಂಬದ ಗುಂಪಿನಲ್ಲಿ ಹಂಚಿದ ಚಿತ್ರಗಳೇ ತಮ್ಮ ಸಂಗ್ರಹ ಎಂದು ತಿಳಿದವರು ಅನೇಕರಿದ್ದಾರೆ. ಅವರ ಬಳಿ ಇರುವುದು ನೆರಳು ಮಾತ್ರ.

ಹಳೆಯ ಚಿತ್ರಗಳನ್ನು ಸೇರಿಸುವುದು

ಕಾಗದದ ಚಿತ್ರವನ್ನು ಮೊಬೈಲಿನಿಂದ ತೆಗೆಯುವುದಕ್ಕಿಂತ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಇಂಚಿಗೆ 600 ಬಿಂದುಗಳಂತೆ ಸ್ಕ್ಯಾನ್ ಮಾಡುವುದು ಉತ್ತಮ. 4×6 ಇಂಚಿನ ಬಣ್ಣದ ಚಿತ್ರ ಹೀಗೆ ಸಂಕುಚನವಿಲ್ಲದೆ ಸುಮಾರು 26 ಮೆಗಾಬೈಟ್ ಆಗುತ್ತದೆ. ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಇಸವಿ, ಯಾರದೋ ಕೈಬರಹದ ಒಂದು ಹೆಸರು ಅಲ್ಲಿರುತ್ತವೆ. ಹಿಂಬದಿ ಖಾಲಿ ಇದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವುದೊಂದೇ ದಾರಿ, ಮತ್ತು ಈ ಕೆಲಸವನ್ನು ಸ್ಕ್ಯಾನಿಂಗಿಗಿಂತ ಮೊದಲು ಮಾಡಬೇಕು. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ. ಮೂರನೆಯ ಸಾಲಿನಲ್ಲಿ ನಿಂತ ರುಮಾಲಿನವರು ಯಾರೆಂದು ಬಲ್ಲ ಅಜ್ಜಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಸ್ಕ್ಯಾನ್ ಆದ ಮೇಲೆ ಮೂಲ ಚಿತ್ರವನ್ನು ಎಸೆಯಬಾರದು.

ಹಕ್ಕು ಮತ್ತು ಉತ್ತರಾಧಿಕಾರ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯವರೆಗೂ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲವೂ ಇರುತ್ತದೆ. ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಜಾತ್ರೆ, ಗುಡಿಯ ಹೊರಾಂಗಣ, ಹೊಳೆ, ಸೇತುವೆಗಳಂಥ ಸಾರ್ವಜನಿಕ ವಿಷಯದ ಸ್ವಂತ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಮುಕ್ತ ಪರವಾನಗಿಯಡಿ ಸೇರಿಸಬಹುದು. 2004ರಲ್ಲಿ ಆರಂಭವಾದ ಈ ಭಂಡಾರ ಚಿತ್ರವನ್ನು ಮೂಲ ಗಾತ್ರದಲ್ಲಿಯೇ ಇಟ್ಟುಕೊಳ್ಳುತ್ತದೆ, ಕನ್ನಡದ ವಿವರಣೆಯನ್ನೂ ಸ್ವೀಕರಿಸುತ್ತದೆ. ಆದರೆ ಅಲ್ಲಿಗೆ ಹೋದ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು. ಮನೆಯ ಮಕ್ಕಳ ಚಿತ್ರಗಳಿಗೆ ಅದು ಸ್ಥಳವಲ್ಲ.

ಟ್ರಂಕಿನಲ್ಲಿದ್ದ ಆಲ್ಬಮ್ ತೆರೆಯಲು ಗುಪ್ತಪದ ಬೇಕಿರಲಿಲ್ಲ. ಮೊಬೈಲಿನ ಒಡೆಯರು ತೀರಿಕೊಂಡಾಗ ಅದರ ಗುಪ್ತಪದ ಮನೆಯವರಿಗೆ ತಿಳಿಯದೆ, ಅಂತರ್ಜಾಲದಲ್ಲಿ ಚಿತ್ರಗಳಿದ್ದೂ ಸಿಗದೆ ಹೋಗಬಹುದು. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಖಾತೆ ನಿಷ್ಕ್ರಿಯವಾದರೆ ಅದರ ಮಾಹಿತಿ ಯಾರಿಗೆ ಹೋಗಬೇಕೆಂದು ಮೊದಲೇ ಸೂಚಿಸುವ ಸೌಲಭ್ಯ ಗೂಗಲ್ ಖಾತೆಯ ಸಿದ್ಧತೆಗಳಲ್ಲಿ 2013ರಿಂದ ಇದೆ. ಆ್ಯಪಲ್ 2021ರಲ್ಲಿ ಇದೇ ಬಗೆಯ ವ್ಯವಸ್ಥೆ ತಂದಿತು. ಇವನ್ನು ತುಂಬುವುದರ ಜೊತೆಗೆ, ಡಿಸ್ಕುಗಳು ಯಾವ ಊರಿನಲ್ಲಿ ಯಾರ ಮನೆಯಲ್ಲಿವೆ, ಫೋಲ್ಡರುಗಳಿಗೆ ಹೆಸರಿಟ್ಟ ಕ್ರಮ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜಮೀನಿನ ಕಾಗದಪತ್ರಗಳ ಜೊತೆಗೆ ಇಡಬೇಕು. ನೆರೆ ಬಂದಾಗ ಮನೆಯಿಂದ ಮೊದಲು ಹೊರಬೀಳುವ ಗಂಟು ಅದೇ.